ಸಮುದ್ರ ಕಾಣುವ ಕೋಣೆಯೆಂದು ಹಣ ಕಟ್ಟಿಸಿಕೊಂಡು ತಗಡು ತೋರಿಸಿದರು: ಹೊಸ ಬೀಚ್ ರೆಸಾರ್ಟಿಗೆ ಹೊರಟವರು ಓದಿ

ಉತ್ತರ ಕನ್ನಡದ ಕರಾವಳಿಯಲ್ಲಿ ಈಚೆಗೆ ಬಾಗಿಲು ತೆರೆದಿರುವ ಒಂದು ಐಷಾರಾಮಿ ರೆಸಾರ್ಟಿಗೆ ಹಣ ಕಟ್ಟುವ ಆಲೋಚನೆಯಲ್ಲಿ ಹುಬ್ಬಳ್ಳಿ, ಧಾರವಾಡ, ಗದಗದ ಕಡೆಯವರು ಯಾರಾದರೂ ಇದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ ಆಮೇಲೆ ಮುಂದುವರಿಯಿರಿ. ದೂರು ಕೊಟ್ಟಿರುವುದರಿಂದ ಅದು ಇತ್ಯರ್ಥವಾಗುವವರೆಗೆ ಹೆಸರು ಬರೆಯಬೇಡವೆಂದು ವಕೀಲರಾಗಿರುವ ಸ್ನೇಹಿತರು ಹೇಳಿದ್ದಾರೆ, ಆದ್ದರಿಂದ ಬರೆಯುತ್ತಿಲ್ಲ. ಆದರೆ ನಮ್ಮ ಕಡೆಯ ಬಹಳ ಜನರ ಫೋನಿಗೆ ಅದೇ ನೀಲಿ ಈಜುಕೊಳದ ಚಿತ್ರ, ಅದೇ ‘ಉದ್ಘಾಟನಾ ಕೊಡುಗೆ’ ಬರುತ್ತಿದೆ. ಆ ಚಿತ್ರದಲ್ಲಿ ಎಲ್ಲ ತೆಂಗಿನ ಮರಗಳೂ ಒಂದೇ ಎತ್ತರಕ್ಕಿವೆ, ಈಜುಕೊಳದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಅದನ್ನು ನೋಡಿದವರಿಗೆ ನಾನು ಯಾವುದರ ಬಗ್ಗೆ ಬರೆಯುತ್ತಿದ್ದೇನೆಂದು ತಿಳಿಯುತ್ತದೆ.

ನಮ್ಮ ತಂದೆ-ತಾಯಿಯ ಮದುವೆಯ ವಾರ್ಷಿಕೋತ್ಸವಕ್ಕೆಂದು ಗದಗದಿಂದ ಅಕ್ಕ-ಭಾವ, ಧಾರವಾಡದಿಂದ ನಾವು, ಎಲ್ಲರೂ ಕೂಡಿ ಹೋಗುವುದೆಂದು ತೀರ್ಮಾನಿಸಿ ಮೂರು ಕೋಣೆ ಕೇಳಿದ್ದೆ. ದಿನಕ್ಕೆ 14,000 ರೂಪಾಯಿಯ ಕೋಣೆಯನ್ನು ಹೊಸದಾಗಿ ಆರಂಭವಾದ ಸಂತೋಷಕ್ಕೆ 9,500ಕ್ಕೆ ಕೊಡುತ್ತೇವೆ ಎಂದರು. ಇಂಥ ಕಡೆ ಒಂದಷ್ಟು ಮುಂಗಡ ಕಳಿಸಿ, ಉಳಿದದ್ದನ್ನು ಹೋದ ಮೇಲೆ ಕೊಡುವುದು ಎಲ್ಲರಿಗೂ ಗೊತ್ತಿರುವ ರೂಢಿ. ಇವರು ಮಾತ್ರ ಎರಡು ರಾತ್ರಿಯ ಪೂರ್ತಿ ಹಣ, ಅಂದರೆ 57,000 ರೂಪಾಯಿ, ಅದೇ ದಿನ ಸಂಜೆಯೊಳಗೆ ಬರಬೇಕು, ಇಲ್ಲವಾದರೆ ಕೊಡುಗೆ ರದ್ದು ಎಂದು ಗಂಟೆಗೊಮ್ಮೆ ಫೋನ್ ಮಾಡಿದರು. ಕ್ಯೂಆರ್ ಕೋಡ್ ತೆರೆದಾಗ ಕಂಪನಿಯ ಹೆಸರಿನ ಬದಲು ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂತು. ಕೇಳಿದ್ದಕ್ಕೆ, “ಅದು ನಮ್ಮ ಓನರ್ ಅಕೌಂಟ್ ಸರ್, ಕಂಪನಿ ಅಕೌಂಟ್ ಪ್ರೋಸೆಸ್‌ನಲ್ಲಿದೆ” ಎಂಬ ಉತ್ತರ ಸಿದ್ಧವಾಗಿತ್ತು. ಸಮುದ್ರ ಕಾಣುತ್ತದೆಯೇ ಎಂದು ನಾನು ಒತ್ತಿ ಒತ್ತಿ ಕೇಳಿದ್ದೆ. ನಮ್ಮ ತಾಯಿಗೆ ಮಂಡಿನೋವು, ಮರಳಿನಲ್ಲಿ ದೂರ ನಡೆಯಲಾರರು. ಕುಳಿತಲ್ಲಿಂದಲೇ ಸಮುದ್ರ ನೋಡಲಿ ಎಂಬುದೇ ಈ ಖರ್ಚಿನ ಉದ್ದೇಶ ಎಂದು ಬಿಡಿಸಿ ಹೇಳಿದ್ದೆ. “ಬಾಲ್ಕನಿಯಿಂದ ಕೈ ಚಾಚಿದ್ರೆ ಸಮುದ್ರ ಸರ್, ಅಮ್ಮನವರು ತುಂಬಾ ಖುಷಿಪಡ್ತಾರೆ” ಎಂದು ಆ ಕಡೆಯ ಹುಡುಗಿ ಹೇಳಿದಳು. ಅಮ್ಮನವರು ಖುಷಿಪಡುತ್ತಾರೆ ಎಂಬ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಾಟಿನಲ್ಲಿ ಆಮೆಯ ವೇಗದಲ್ಲಿ ಇಳಿಯುವ ಲಾರಿಗಳ ಹಿಂದೆ ತೆವಳಿ, ಅಂಕೋಲಾದಿಂದ ದಕ್ಷಿಣಕ್ಕೆ ತಿರುಗಿ, ಗಂಗಾವಳಿ ನದಿಯನ್ನೂ ದಾಟಿ ತಲುಪಿದಾಗ ಮಧ್ಯಾಹ್ನವಾಗಿತ್ತು. ಸ್ವಾಗತದ ಅಂಗಳ ಮಾತ್ರ ಚಿತ್ರದಲ್ಲಿದ್ದಂತೆಯೇ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎಳನೀರು ಕೊಟ್ಟರು, ಹಣೆಗೆ ಕುಂಕುಮ ಹಚ್ಚಿದರು, ತಾಯಿಗೆ ಮಲ್ಲಿಗೆ ಹೂವು ಕೊಟ್ಟರು. ಅಲ್ಲಿಯವರೆಗೆ ನಮ್ಮ ಮನೆಯವರೆಲ್ಲ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಆ ಅಂಗಳ ದಾಟಿದ ಮೇಲೆ ಮುಗಿದ ಕಟ್ಟಡ ಎಂಬುದು ಬಹುತೇಕ ಇರಲಿಲ್ಲ. ದಾರಿಯುದ್ದಕ್ಕೂ ಜಲ್ಲಿಯ ರಾಶಿ, ಟೈಲ್ಸಿನ ಡಬ್ಬಿಗಳು, ಬಣ್ಣದ ವಾಸನೆ. ಮಹಡಿಗೆ ಏರುವ ಮೆಟ್ಟಿಲಿಗೆ ಇನ್ನೂ ಕಟಾಂಜನವೇ ಕೂತಿರಲಿಲ್ಲ, ಹಗ್ಗ ಕಟ್ಟಿದ್ದರು. ಎಪ್ಪತ್ತು ದಾಟಿದ ತಂದೆಯವರನ್ನು ಆ ಹಗ್ಗ ಹಿಡಿಸಿ ಹತ್ತಿಸಿದೆವು.

ಕೋಣೆಯ ಪರದೆ ಸರಿಸಿದವರು ನಮ್ಮ ತಾಯಿ. ಪರದೆಗೆ ಸುತ್ತಿದ್ದ ಪ್ಲಾಸ್ಟಿಕ್ ಹೊದಿಕೆಯನ್ನೂ ಯಾರೂ ತೆಗೆದಿರಲಿಲ್ಲ, ಅದು ಚರಚರ ಎಂದಿತು. ಗಾಜಿನ ಬಾಗಿಲಿನಾಚೆ ಬಾಲ್ಕನಿ, ಬಾಲ್ಕನಿಯಿಂದ ಹತ್ತು-ಹನ್ನೆರಡು ಅಡಿ ಆಚೆಗೆ ನೋಟವನ್ನೇ ಮರೆಮಾಡುವಷ್ಟು ಎತ್ತರದ ತಗಡಿನ ಬೇಲಿ. ಆ ತಗಡಿಗೆ, ನಮ್ಮ ಕಡೆಗೆ ಮುಖ ಮಾಡಿ, ಒಂದು ದೊಡ್ಡ ಫ್ಲೆಕ್ಸ್ ಹೊಡೆದಿದ್ದರು. ಫ್ಲೆಕ್ಸಿನಲ್ಲಿ ಸಮುದ್ರವಿತ್ತು. ಜಾಹೀರಾತಿನ ಅದೇ ಚಿತ್ರ, ಅವೇ ಒಂದೇ ಎತ್ತರದ ತೆಂಗಿನ ಮರಗಳು, ಬಿಸಿಲಿಗೆ ಮೂಲೆಯಲ್ಲಿ ಬಣ್ಣ ಹೋಗಿ ನಡುವೆ ಒಂದು ಕಡೆ ಹರಿದು, ಹರಿದಲ್ಲಿಂದ ಸಾರವೆಯ ಬೊಂಬು ಹೊರಗೆ ಬಂದಿತ್ತು. ತಾಯಿ ಮಾತನಾಡಲಿಲ್ಲ. ತಂದೆಯವರು ಕನ್ನಡಕ ಒರೆಸಿಕೊಂಡು ಬಂದು ನೋಡಿ, “ತಮ್ಮಾ, ಸಮುದ್ರ ಎಲ್ಲೈತೋ?” ಎಂದು ಕೇಳಿದರು. ಭಾವ ಒಳ್ಳೆಯ ಮನುಷ್ಯ, ನನ್ನ ಮುಖ ನೋಡಿ ವಾತಾವರಣ ತಿಳಿಯಾಗಲೆಂದೇ ಹೇಳಿದರು: “ಇರ್ಲಿ ಬಿಡ್ರಿ ಮಾಂವಾರ, ಸಪ್ಪಳರ ಕೇಳ್ತೈತಲ್ಲ.” ಅವರು ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಹೆತ್ತವರ ಮತ್ತು ಬೀಗರ ಮುಂದೆ ನನ್ನನ್ನು ಆ ಫ್ಲೆಕ್ಸಿನ ಎದುರು ನಿಲ್ಲಿಸಿದರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಕೆಳಗೆ ಹೋಗಿ ಮ್ಯಾನೇಜರನ್ನು ಕೇಳಿದೆ. ಅವರ ಉತ್ತರಗಳನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ, ಏಕೆಂದರೆ ಇವೇ ಉತ್ತರಗಳು ನಿಮಗೂ ಸಿಗುತ್ತವೆ.

“ಸರ್, ವ್ಯೂ ಇದೆ ಸರ್. ಈಗ ಅದರ ಮುಂದೆ ಕೆಲಸ ನಡೀತಿದೆ, ಅಷ್ಟೇ.”

“ಮತ್ತ ಕೆಲಸ ಯಾವಾಗ ಮುಗೀತೈತ್ರಿ?”

“ಸರ್, ನಮ್ಮದಿನ್ನೂ ಸಾಫ್ಟ್ ಓಪನಿಂಗ್. ನೀವು ನಮ್ಮ ಮೊದಲ ಗೆಸ್ಟ್‌ಗಳಲ್ಲಿ ಒಬ್ಬರು, ಸ್ವಲ್ಪ ಸಹಕರಿಸಬೇಕು.”

“ಹಂಗಂದ್ರ ಫೋಟೋ ಯಾಕ ಹಂಗ ಹಾಕೀರಿ?”

“ಅದು ತ್ರೀಡಿ ವ್ಯೂ ಸರ್. ಕಟ್ಟಡ ಮುಗಿದ ಮೇಲೆ ಹೀಗಿರುತ್ತೆ ಅಂತ. ಎಲ್ಲಾ ರೆಸಾರ್ಟಿನವರೂ ಹಾಗೇ ಹಾಕ್ತಾರೆ.”

ಕಟ್ಟಡ ಮುಗಿದ ಮೇಲೆ ಹೇಗಿರುತ್ತದೆ ಎಂಬ ಚಿತ್ರಕ್ಕೆ ಮುಗಿಯುವ ಮೊದಲೇ ಪೂರ್ತಿ ಹಣ ತೆಗೆದುಕೊಂಡಿದ್ದಾರೆ, ಅದನ್ನು ಹೇಳುವಾಗ ಆ ಮನುಷ್ಯನ ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಈಜುಕೊಳದ ಬಗ್ಗೆ ಕೇಳಿದಾಗ, “ಪೂಲ್ ಇದೆ ಸರ್, ಫಿಲ್ಟರ್ ಬರಬೇಕು, ಆಮೇಲೆ ನೀರು ಬಿಡ್ತೀವಿ” ಎಂದರು. ಹೋಗಿ ನೋಡಿದರೆ ಖಾಲಿ ಗುಂಡಿಯಲ್ಲಿ ಇಬ್ಬರು ಕೂಲಿಯವರು ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದರು. ಈಜುವ ಚಡ್ಡಿ ಹಾಕಿಕೊಂಡು ಟವೆಲ್ ಹೊದ್ದು ಬಂದ ನನ್ನ ಮಗ ಅವರನ್ನೂ ನನ್ನನ್ನೂ ನೋಡಿ ಒಳಗೆ ಹೋದ.

ಸಮುದ್ರಕ್ಕೆ ಹೋಗಬೇಕಾದರೆ ಹಿಂದಿನ ಗೇಟಿನಿಂದ ಹೊರಬಿದ್ದು, ಊರಿನ ಓಣಿ ಹಿಡಿದು, ಗಾಳಿ ತೋಪಿನ ನಡುವೆ ಸಾಕಷ್ಟು ನಡೆಯಬೇಕು. ತಾಯಿಯನ್ನು ಕರೆದೊಯ್ಯುವ ಮಾತೇ ಇರಲಿಲ್ಲ. ಇಲ್ಲಿ ಒಂದು ವಿಷಯ ತಿಳಿದಿರಲಿ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯಂತೆ ಗ್ರಾಮೀಣ ಕರಾವಳಿಯಲ್ಲಿ ಭರತದ ಗೆರೆಯಿಂದ, ಅಂದರೆ ಉಬ್ಬರದಲ್ಲಿ ನೀರು ಏರುವ ಗಡಿಯಿಂದ, 200 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ಅವಕಾಶವಿರಲಿಲ್ಲ. 2019ರ ಅಧಿಸೂಚನೆಯು ಜನಸಾಂದ್ರತೆ ಬಹಳ ಹೆಚ್ಚಿರುವ ಹಳ್ಳಿಗಳಲ್ಲಿ ಮಾತ್ರ ಅದನ್ನು 50 ಮೀಟರಿಗೆ ಇಳಿಸಿತು, ಉಳಿದ ಕಡೆ 200 ಮೀಟರೇ ಇದೆ. ಅಂದಮೇಲೆ ಹೊಸದಾಗಿ ಕಟ್ಟಿದ ಕಾಂಕ್ರೀಟ್ ಕಟ್ಟಡದ ಬಾಲ್ಕನಿಯಿಂದ ಕೈ ಚಾಚಿದರೆ ಸಮುದ್ರ ಸಿಗುತ್ತದೆ ಎನ್ನುವವರು ಒಂದೋ ನಿಯಮ ಮುರಿದಿದ್ದಾರೆ, ಇಲ್ಲವೇ ಸುಳ್ಳು ಹೇಳುತ್ತಿದ್ದಾರೆ. ಇವರು ಎರಡನೆಯವರು. ಜಾಹೀರಾತಿನ ‘ಖಾಸಗಿ ಬೀಚ್’ ಕೂಡ ಊರಿನವರ ದಂಡೆಯೇ; ದೋಣಿ ಎಳೆದಿಟ್ಟಿದ್ದರು, ಬಲೆ ಒಣಗಿಸಿದ್ದರು. ಅದರ ಬಗ್ಗೆ ನನ್ನ ತಕರಾರಿಲ್ಲ, ದಂಡೆ ಅವರದು. ಆದರೆ ‘ತರಬೇತಿ ಪಡೆದ ಜೀವರಕ್ಷಕರು’ ಎಂದು ಬರೆದಿದ್ದ ಜಾಗದಲ್ಲಿ ಒಬ್ಬ ಜೀವರಕ್ಷಕನಿರಲಿಲ್ಲ, ಎಚ್ಚರಿಕೆಯ ಬಾವುಟವೂ ಇರಲಿಲ್ಲ. ಎಲ್ಲಿಯವರೆಗೆ ಇಳಿಯಬಹುದೆಂದು ಹೇಳಿದವರು ಬಲೆ ಸರಿಮಾಡುತ್ತಿದ್ದ ಒಬ್ಬ ಮೀನುಗಾರರು, “ಇಲ್ಲಿ ಸೆಳೆತ ಇದೆ, ಮಕ್ಕಳನ್ನ ಬಿಡಬೇಡಿ” ಎಂದರು. ಅವರಿಗೆ ರೆಸಾರ್ಟಿನವರು ಸಂಬಳ ಕೊಡುತ್ತಿಲ್ಲ.

ಊಟದ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಸಸ್ಯಾಹಾರಕ್ಕೆ ಬೇರೆ ಅಡುಗೆಮನೆ ಎಂದಿದ್ದರು; ಮೀನಿನ ಸಾರಿಗೂ ದಾಲಿಗೂ ಒಂದೇ ಸೌಟು ಹೋಗುವುದನ್ನು ನೋಡಿ ನಮ್ಮ ತಾಯಿ ಆ ರಾತ್ರಿ ಮನೆಯಿಂದ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದರು. ಮಲಗಿದರು ಎಂದೆ, ನಿದ್ದೆ ಯಾರಿಗೂ ಆಗಲಿಲ್ಲ, ತಗಡಿನ ಬೇಲಿಯ ಪಕ್ಕದಲ್ಲೇ ಜನರೇಟರ್ ಇತ್ತು. ಭಾವ ಹೇಳಿದ ಸಮುದ್ರದ ಸಪ್ಪಳವೂ ಅದರಲ್ಲಿ ಮುಳುಗಿಹೋಯಿತು. ಆ ಹೊತ್ತಿನಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಘಾಟಿ ಹತ್ತುವಂತಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು ದಶಕಗಳಿಂದ ಕಾಗದದಲ್ಲೇ ಓಡುತ್ತಿದೆ, ಆದ್ದರಿಂದ ನಮ್ಮ ಕಡೆಯ ಅತಿಥಿ ರಾತ್ರಿ ಎದ್ದು ಹೋಗಲಾರ ಎಂಬುದು ಇವರಿಗೂ ಚೆನ್ನಾಗಿ ಗೊತ್ತಿದೆ.

ಮರುದಿನ ಬೆಳಿಗ್ಗೆ ಕೋಣೆ ಬಿಡುತ್ತೇವೆ, ಎರಡನೆಯ ರಾತ್ರಿಯ 28,500 ರೂಪಾಯಿ ವಾಪಸು ಕೊಡಿ ಎಂದೆ. ಅದಕ್ಕೆ ಬದಲಾಗಿ ಬಿಲ್ಲು ಕೊಟ್ಟರು. ಫೋನಿನಲ್ಲಿ ‘ಎಲ್ಲಾ ಸೇರಿ’ ಎಂದಿದ್ದ ದರದ ಮೇಲೆ 18% ಜಿಎಸ್‌ಟಿ, 10,260 ರೂಪಾಯಿ. ದಿನದ ಬಾಡಿಗೆ 7,500 ರೂಪಾಯಿ ದಾಟಿದರೆ ತೆರಿಗೆ 18% ಇರುವುದು ನನಗೂ ಗೊತ್ತು, ಸರ್ಕಾರಕ್ಕೆ ಸಲ್ಲುವುದಕ್ಕೆ ನಾನು ಅಡ್ಡಿಯಲ್ಲ. ಆದರೆ ಎಲ್ಲಾ ಸೇರಿ ಎಂದವರು ಯಾರು, ನಾವು ಉಳಿಯದ ರಾತ್ರಿಗೂ ತೆರಿಗೆ ಏಕೆ, ವ್ಯಕ್ತಿಯೊಬ್ಬರ ಖಾತೆಗೆ ಹೋದ ಹಣಕ್ಕೆ ಈಗ ಕಂಪನಿಯ ಹೆಸರಿನ ಬಿಲ್ಲು ಹೇಗೆ ಬಂತು? “ಸಿಸ್ಟಮ್ ಹಾಗೇ ತಗೊಳ್ಳುತ್ತೆ ಸರ್.” ಊಟದ ಬಿಲ್ಲಿಗೆ 10% ಸರ್ವಿಸ್ ಚಾರ್ಜ್ ಬೇರೆ. ಇದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇಷ್ಟನ್ನು ಹೇಳಿದ ಮೇಲೆ ಆ ಒಂದು ಸಾಲನ್ನು ಮಾತ್ರ ತಕ್ಷಣ ತೆಗೆದರು. ತಕ್ಷಣ ತೆಗೆದರು ಎಂದರೆ, ತೆಗೆಯಬೇಕೆಂದು ಮೊದಲೇ ಗೊತ್ತಿತ್ತು.

28,500ಕ್ಕೆ ಮಾತ್ರ ಒಪ್ಪಲಿಲ್ಲ. ಹಣ ಇಲ್ಲ, ಕ್ರೆಡಿಟ್ ನೋಟ್ ಕೊಡುತ್ತೇವೆ, ಆರು ತಿಂಗಳೊಳಗೆ, ಸೋಮವಾರದಿಂದ ಗುರುವಾರದೊಳಗೆ, ಮತ್ತೆ ಇಲ್ಲಿಗೇ ಬಂದು ಉಳಿಯಬಹುದು ಎಂದರು. ಮತ್ತೆ ಇಲ್ಲಿಗೇ! ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದಾಗ, “ಹೋಗಿ ಸರ್, ಆದರೆ ಕೇಸ್ ಇಲ್ಲೇ ಹಾಕಬೇಕು, ನಮ್ಮ ಟರ್ಮ್ಸ್‌ನಲ್ಲಿದೆ, ಧಾರವಾಡದಿಂದ ಓಡಾಡೋಕಾಗುತ್ತಾ ನೋಡಿ” ಎಂದು ನಕ್ಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಓಡಾಡಬೇಕಾದವರು ಅವರು, ನಾನಲ್ಲ.

ಹೊಸ ರೆಸಾರ್ಟಿಗೆ ಪೂರ್ತಿ ಹಣ ಮುಂಗಡ ಕೊಡಬೇಡಿ, ಯಾರು ಎಷ್ಟೇ ಸಕ್ಕರೆ ಮಾತಾಡಲಿ. ನಿಮಗೆ ಕೊಡುವ ಕೋಣೆಯ ಬಾಲ್ಕನಿಯಲ್ಲಿ ನಿಂತು ಈಗಲೇ ವಿಡಿಯೋ ಕಾಲ್ ಮಾಡಿ ತೋರಿಸಿ ಎನ್ನಿ. ತಪ್ಪಿಸಿಕೊಂಡರೆ ಅಲ್ಲಿಗೇ ಬಿಡಿ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಬರಹದಲ್ಲಿ ಕೇಳಿ ತರಿಸಿಕೊಳ್ಳಿ. ವ್ಯಕ್ತಿಯ ಹೆಸರಿನ ಖಾತೆಗೆ ಹಣ ಹಾಕಲೇಬೇಡಿ. ನಾವು ಆ ದಿನ ಮಧ್ಯಾಹ್ನ ಗೋಕರ್ಣಕ್ಕೆ ಹೋಗಿ, ಹವಾನಿಯಂತ್ರಣವಿಲ್ಲದ ಒಂದು ಹಳೆಯ ಲಾಡ್ಜಿನಲ್ಲಿ ಉಳಿದೆವು. ಅಲ್ಲಿ ಕೋಣೆ ನೋಡಿದ ಮೇಲೆ ಹಣ ಕೇಳಿದರು.

ನನ್ನ ಅಭಿಪ್ರಾಯವನ್ನು ಚಿತ್ರಸಮೇತ ಹಾಕಿದ ಮೇಲೆ ಅವರಿಂದ ಒಂದು ಸಂದೇಶ ಬಂದಿದೆ: ಅದನ್ನು ಅಳಿಸಿದರೆ ಮುಂದಿನ ಸಲ ಬಂದಾಗ 20% ರಿಯಾಯಿತಿ. ಹಣದ ಮಾತಿಗೆ ಮಾತ್ರ, “ಕಾಲ್ ಮಾಡಿ ಸರ್, ಮಾತಾಡೋಣ” ಎನ್ನುತ್ತಾರೆ. ನಾನು ಕಾಲ್ ಮಾಡುವುದಿಲ್ಲ, ಬರೆದು ಕೇಳುತ್ತೇನೆ, ಅವರು ಬರೆದು ಉತ್ತರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಾಗಿದೆ. ಅಲ್ಲಿ ಬಗೆಹರಿಯದಿದ್ದರೆ ಧಾರವಾಡದ ಜಿಲ್ಲಾ ಆಯೋಗಕ್ಕೆ ಕೊಡಲು ರಸೀದಿ, ಸಂದೇಶಗಳ ಪ್ರತಿ, ಫ್ಲೆಕ್ಸಿನ ಫೋಟೋ ಎಲ್ಲವನ್ನೂ ಜೋಡಿಸಿ ಇಟ್ಟಿದ್ದೇನೆ. ಇದೇ ಜಾಹೀರಾತು ನೋಡಿ ಇದೇ ರೀತಿ ಹಣ ಕಟ್ಟಿದವರು ಬೇರೆ ಯಾರಾದರೂ ಇದ್ದರೆ ನಿಮ್ಮ ಸಂದೇಶಗಳನ್ನು ಅಳಿಸದೆ ನನ್ನನ್ನು ಸಂಪರ್ಕಿಸಿ, ದೂರನ್ನು ಕೂಡಿಯೇ ಕೊಡೋಣ.