ದೊಡ್ಡವರಿಗೆ ಒಸಡು ಮತ್ತು ಕ್ಲಿಪ್ ಜೋಡಿ ಚಿಕಿತ್ಸೆ: ಒಳ್ಳೆಯದು, ಕ್ರಮ ತಪ್ಪದಿದ್ದರೆ

ನಡುವಯಸ್ಸಿನಲ್ಲಿ ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ಸಂದು ಬಿಡತೊಡಗಿದರೆ, ಹೆಚ್ಚಿನವರಲ್ಲಿ ಒಸಡಿನ ರೋಗದಿಂದ ಮೂಳೆ ಸವೆದಿರುತ್ತದೆ. ನುಂಗುವಾಗ ನಾಲಿಗೆಯಿಂದ ಹಲ್ಲನ್ನು ಮುಂದಕ್ಕೆ ತಳ್ಳುವ ಅಭ್ಯಾಸವೂ ಇದ್ದರೆ ಸಂದು ಇನ್ನೂ ಬೇಗ ದೊಡ್ಡದಾಗುತ್ತದೆ. ಒಸಡಿನ ತಜ್ಞರೂ ಕ್ಲಿಪ್ ಹಾಕುವ ತಜ್ಞರೂ ಕೂಡಿ ಮಾಡುವ ಚಿಕಿತ್ಸೆಯನ್ನು ಇಂಥವರಿಗೆ ಧೈರ್ಯವಾಗಿ ಶಿಫಾರಸು ಮಾಡುತ್ತೇವೆ.

ಮೊದಲ ಸರದಿ ಒಸಡಿನದು. ಕಿಟ್ಟ ತೆಗೆದು, ಬೇರನ್ನು ಆಳದವರೆಗೆ ಶುಚಿ ಮಾಡಿ, ಕೆಲವು ವಾರ ಬಿಟ್ಟು ಮತ್ತೆ ಅಳೆಯಬೇಕು. ಒಸಡಿನ ಜೇಬಿನ, ಅಂದರೆ ಹಲ್ಲಿಗೂ ಒಸಡಿಗೂ ನಡುವಿನ ಸಂದಿನ, ಆಳ 4 ಮಿ.ಮೀ. ಒಳಗೆ ಬಂದು, ಅದನ್ನು ಅಳೆಯುವ ಸಲಾಕೆ ತಾಗಿಸಿದರೆ ರಕ್ತ ಬರುವುದು ಬಹುಪಾಲು ನಿಂತ ಮೇಲೆಯೇ ಕ್ಲಿಪ್. ಉರಿಯೂತ ಇರುವಾಗಲೇ ಹಲ್ಲನ್ನು ಜರುಗಿಸಿದರೆ ಉಳಿದ ಮೂಳೆಯೂ ಕರಗುತ್ತದೆ. ಮೊದಲ ಭೇಟಿಯಲ್ಲೇ, ಜೇಬು ಅಳೆಯದೆ, ಎಕ್ಸ್‌ರೇ ನೋಡದೆ ಕ್ಲಿಪ್ ಅಂಟಿಸಲು ಹೊರಟರೆ ಒಪ್ಪಬೇಡಿ.

ಮೂಳೆ ಕಡಿಮೆಯಿರುವ ಹಲ್ಲಿಗೆ ಬಲವೂ ಕಡಿಮೆ ಸಾಕು. ಜಾಸ್ತಿ ಎಳೆದರೆ ಅದು ನೆಟ್ಟಗೆ ಸರಿಯುವ ಬದಲು ವಾಲುತ್ತದೆ. ದವಡೆ ಹಲ್ಲಿಗೆ ಸುತ್ತಲೂ ಹಾಕುವ ಲೋಹದ ಬ್ಯಾಂಡ್‌ಗಿಂತ, ತಂತಿ ತೂರಿಸಲು ಹಲ್ಲಿಗೆ ಅಂಟಿಸುವ ಸಣ್ಣ ಟ್ಯೂಬ್ ಲೇಸು, ಒಸಡಿನ ಅಂಚು ಶುಚಿಯಾಗಿಡಬಹುದು. ತಂತಿ ಕಟ್ಟಲು ರಬ್ಬರ್ ಉಂಗುರಕ್ಕಿಂತ ಸ್ಟೀಲ್ ಕಟ್ಟಿನಲ್ಲಿ ಕೊಳೆ ಕಡಿಮೆ ಕೂರುತ್ತದೆ. ಕ್ಲಿಪ್ ಬದಲು ತೆಗೆದು ಹಾಕುವ ಅಲೈನರ್ (ಹಲ್ಲಿಗೆ ತೊಡಿಸುವ ಪ್ಲಾಸ್ಟಿಕ್ ಅಚ್ಚು) ಆದರೆ ಬ್ರಷ್ ಮಾಡುವುದು ಸುಲಭ, ಆದರೆ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಲೇಬೇಕು. ಯಾವುದಾದರೂ ಸರಿ, ಹಲ್ಲುಸಂದಿನ ಸಣ್ಣ ಬ್ರಷ್ ದಿನವೂ ಬೇಕು, ಸುಮಾರು 3 ತಿಂಗಳಿಗೊಮ್ಮೆ ಒಸಡಿನ ತಜ್ಞರ ಕುರ್ಚಿಯೂ ಬೇಕು. ಸಿಗರೇಟು ಸೇದುವವರ ಒಸಡು ವಾಸಿಯಾಗುವುದು ನಿಧಾನ. ಚಿಕಿತ್ಸೆ ಶುರುವಾಗುವ ಮುಂಚೆಯೇ ಬಿಡುವುದು ಒಳ್ಳೆಯದು.

ಹೆಚ್ಚು ಕಡೆ ಕೈಬಿಡುವುದು ನಾಲಿಗೆ ತಳ್ಳುವಂಥ ಅಭ್ಯಾಸ ಬಿಡಿಸುವ ಭಾಗವನ್ನೇ, ನಮ್ಮ ದೊಡ್ಡ ತಕರಾರೂ ಅದೇ. ನಾಲಿಗೆಯ ತುದಿ ಮೇಲಿನ ಮುಂಹಲ್ಲಿನ ಹಿಂದೆ ಅಂಗುಳಿನಲ್ಲಿರುವ ಏರಿನ ಮೇಲೆ ನಿಲ್ಲಬೇಕು, ಹಲ್ಲಿಗೆ ತಾಗಬಾರದು. ಹಾಗೆಯೇ ಇಟ್ಟುಕೊಂಡು ನುಂಗುವುದನ್ನು ದಿನವೂ ರೂಢಿ ಮಾಡಬೇಕು. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವವರು ಮೊದಲು ಮೂಗಿನ ತೊಂದರೆ ತೋರಿಸಿಕೊಳ್ಳಲಿ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ರಾತ್ರಿಯ ಗಾರ್ಡ್ ಬೇಕಾದೀತು. ಉಗುರು, ಪೆನ್ನು ಕಚ್ಚುವುದನ್ನೂ ನಿಲ್ಲಿಸಲೇಬೇಕು.

ಸಂದು ಮುಚ್ಚಿದ ಮೇಲೂ ಹಲ್ಲುಗಳ ಬುಡದಲ್ಲಿ ಒಸಡು ತುಂಬದ ಜಾಗ ಕಪ್ಪು ತ್ರಿಕೋನವಾಗಿ ಉಳಿಯಬಹುದು. ಇಳಿದ ಒಸಡು ಪೂರ್ತಿ ಮೇಲೇರುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಬೇಕು. ಕೊನೆಗೆ ಹಲ್ಲು ಮತ್ತೆ ಜರುಗದಂತೆ ಹಿಂಬದಿಗೆ ಅಂಟಿಸುವ ರಿಟೈನರ್ ತಂತಿ ಇಂಥವರಿಗೆ ಜೀವನಪೂರ್ತಿ ಇರಬೇಕು. ಅದರ ಅಂಟು ಒಂದು ಹಲ್ಲಿನಲ್ಲಿ ಬಿಟ್ಟರೂ ನೋವಾಗದೆ ಹಲ್ಲು ಜರುಗಿಬಿಡುತ್ತದೆ, ಆದ್ದರಿಂದ ಪ್ರತಿ ಶುಚಿಯ ಭೇಟಿಯಲ್ಲೂ ತಂತಿಯನ್ನು ಪರೀಕ್ಷಿಸಲು ಕೇಳಿ.