ಫೈರ್‌ವಾಲ್ ಇದೆ ಎಂದು ನಂಬಿಸಿ ಯಂತ್ರಜಾಲವನ್ನು ತೆರೆದಿಟ್ಟವರ ಬಗ್ಗೆ ಎಚ್ಚರಿಕೆ

ಕಾರ್ಖಾನೆಯ ಪಿಎಲ್‌ಸಿಗಳಿಂದ (ಯಂತ್ರಗಳನ್ನು ನಡೆಸುವ ನಿಯಂತ್ರಕ ಕಂಪ್ಯೂಟರುಗಳು) ಉತ್ಪಾದನೆಯ ಅಂಕಿಅಂಶಗಳನ್ನು ಕಚೇರಿಯ ಇಆರ್‌ಪಿಗೆ (ವ್ಯವಹಾರದ ಲೆಕ್ಕಪತ್ರ ನೋಡುವ ತಂತ್ರಾಂಶ) ತಲುಪಿಸುವ ಕೆಲಸವನ್ನು ಹೊರಗಿನ ಸಂಸ್ಥೆಯೊಂದಕ್ಕೆ ವಹಿಸಿದ್ದೆವು. ಅವರು ಕೊಟ್ಟ ನಕ್ಷೆಯಲ್ಲಿ ಕಚೇರಿ ಮತ್ತು ಯಂತ್ರಗಳ ಜಾಲಗಳ ನಡುವೆ ಸಂಚಾರವನ್ನು ಸೋಸುವ ಫೈರ್‌ವಾಲ್ ಇತ್ತು, ಎರಡೂ ಜಾಲಗಳು ನೇರವಾಗಿ ಸೇರದಂತೆ ತಡೆಯುವ ಡಿಎಂಜೆಡ್ ಎಂಬ ನಡುವಲಯ ಇತ್ತು, ಅದರೊಳಗೆ ಡೇಟಾ ಸರ್ವರ್ ಇತ್ತು. ನಾವು ಹಣ ಕೊಟ್ಟದ್ದು ಆ ವ್ಯವಸ್ಥೆಗೆ.

ಕಚೇರಿ ಜಾಲದಲ್ಲಿ ಭದ್ರತಾ ಸ್ಕ್ಯಾನ್ (ಜಾಲದ ಸಾಧನಗಳನ್ನೆಲ್ಲ ತಟ್ಟಿ ದೋಷ ಹುಡುಕುವ ಪರೀಕ್ಷೆ) ನಡೆಯುತ್ತಿದ್ದಾಗ ಪ್ಯಾಕಿಂಗ್ ಲೈನಿನ ಪಿಎಲ್‌ಸಿ ನಿಂತುಹೋಯಿತು. ಹಳೆಯ ಪಿಎಲ್‌ಸಿಗಳು ಇಂತಹ ಸ್ಕ್ಯಾನ್ ತಾಳದೆ ನಿಲ್ಲುವುದು ಹೊಸ ಸಂಗತಿಯಲ್ಲ. ಆದರೆ ಕಚೇರಿಯ ಸ್ಕ್ಯಾನ್ ಅಲ್ಲಿಯವರೆಗೆ ಹೋದದ್ದಾದರೂ ಹೇಗೆ? ಫೈರ್‌ವಾಲ್ ನಿಯಮಗಳನ್ನು ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ಯಾವ ವಿಳಾಸದಿಂದ ಯಾವ ವಿಳಾಸಕ್ಕಾದರೂ, ಯಾವ ಪೋರ್ಟಿಗಾದರೂ (ಸಾಧನದ ಸಂಪರ್ಕ ಬಾಗಿಲಿಗಾದರೂ) ಅನುಮತಿ ಇತ್ತು. ಡೇಟಾ ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ, ಒಂದನ್ನು ಕಚೇರಿಗೂ ಇನ್ನೊಂದನ್ನು ನೇರವಾಗಿ ಯಂತ್ರಗಳ ಸ್ವಿಚ್ಚಿಗೂ ಜೋಡಿಸಿದ್ದರು. ಡಿಎಂಜೆಡ್ ಎಂಬುದು ನಕ್ಷೆಯಲ್ಲಿ ಮಾತ್ರ ಇತ್ತು! ನನ್ನ ಕಚೇರಿಯ ಲ್ಯಾಪ್‌ಟಾಪಿಗೆ ಪಿಎಲ್‌ಸಿಯ 502ನೇ ಪೋರ್ಟ್ ಉತ್ತರ ಕೊಟ್ಟಾಗ ಮೈ ಉರಿದುಹೋಯಿತು. ಆ ಪೋರ್ಟಿನಲ್ಲಿ ಯಂತ್ರಗಳು ಮಾತಾಡುವ ಸಾಮಾನ್ಯ ಮಾಡ್‌ಬಸ್ ಟಿಸಿಪಿ ಎಂಬ ಸಂವಹನ ವಿಧಾನದಲ್ಲಿ ಪಾಸ್‌ವರ್ಡ್ ಕೇಳುವ ಏರ್ಪಾಡೇ ಇಲ್ಲ. ಅಲ್ಲಿಗೆ ತಲುಪಿದವರು ಮೌಲ್ಯಗಳನ್ನು ಓದುವುದಷ್ಟೇ ಅಲ್ಲ, ಬದಲಾಯಿಸಲೂಬಹುದು. ಅದೇ ನಕ್ಷೆಯನ್ನು ಮುಂದಿಟ್ಟು ಆಡಳಿತದವರಿಗೆ ವಿವರಿಸಿದ್ದ ನಾನು ಅವರೆದುರು ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಆ ಸಂಸ್ಥೆಯವರನ್ನು ಕೇಳಿದಾಗ ಬಂದ ಮೊದಲ ಉತ್ತರ, "ವಿಎಲ್ಯಾನ್ ಬೇರೆ ಮಾಡಿದ್ದೇವಲ್ಲ ಸರ್." ವಿಎಲ್ಯಾನ್ ಎಂದರೆ ಒಂದೇ ಜಾಲವನ್ನು ಸ್ವಿಚ್ಚಿನಲ್ಲೇ ಬೇರ್ಪಡಿಸಿದ ಭಾಗ. ಅಂತಹ ಎರಡು ವಿಎಲ್ಯಾನ್‌ಗಳ ನಡುವೆ ಎಲ್ಲ ಸಂಚಾರಕ್ಕೂ ದಾರಿ ಬಿಟ್ಟ ಮೇಲೆ ಬೇರೆ ಮಾಡಿ ಬಂದ ಫಲವೇನು? ಆಮೇಲೆ, "ಪರೀಕ್ಷೆಗೆಂದು ತಾತ್ಕಾಲಿಕವಾಗಿ ತೆರೆದದ್ದು" ಎಂದರು. ಪರೀಕ್ಷೆ ಮುಗಿದು, ಒಪ್ಪಿಗೆ ಪತ್ರಕ್ಕೆ ಸಹಿಯಾಗಿ, ಕೊನೆಯ ಬಿಲ್ ಕೂಡ ಪಾವತಿಯಾಗಿದ್ದ ಕೆಲಸವಿದು! ಕಡೆಗೆ, "ನಿಮ್ಮ ಪಿಎಲ್‌ಸಿ ಹಳೆಯದು, ನೀವೇ ಬದಲಾಯಿಸಬೇಕಿತ್ತು" ಎಂದು ತಪ್ಪನ್ನು ನಮ್ಮ ತಲೆಗೇ ಕಟ್ಟಿದರು. ಹಳೆಯದೆಂದು ತಿಳಿದೇ ಅದಕ್ಕೆ ರಕ್ಷಣೆ ಕೇಳಿದ್ದೆವು.

2017ರಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ವಿಂಡೋಸ್ ಕಂಪ್ಯೂಟರುಗಳ 445ನೇ ಪೋರ್ಟಿನ ಮೂಲಕ ಹರಡಿದಾಗ ಕಾರು ತಯಾರಿಕಾ ಘಟಕಗಳೇ ನಿಂತಿದ್ದವು. ನಮ್ಮ ಯಂತ್ರಗಳ ಪಕ್ಕದ ಕಂಪ್ಯೂಟರುಗಳಲ್ಲಿ ಇರುವುದು 2020ರ ಜನವರಿಯಲ್ಲೇ ಬೆಂಬಲ ನಿಂತ ವಿಂಡೋಸ್ 7. ಕಚೇರಿಯಲ್ಲಿ ಯಾರಾದರೂ ಒಂದು ಕೆಟ್ಟ ಇಮೇಲ್ ತೆರೆದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ದಯವಿಟ್ಟು ನಕ್ಷೆ ನೋಡಿ ಸಹಿ ಹಾಕಬೇಡಿ. ಕೈಗಾರಿಕಾ ಜಾಲಗಳ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 62443 ಹೇಳುವ ವಲಯ ವಿಂಗಡಣೆಯನ್ನು ಒಪ್ಪಂದದಲ್ಲೇ ಬರೆಸಿ, ಫೈರ್‌ವಾಲ್ ನಿಯಮಗಳ ಪ್ರತಿಯನ್ನು ಕೇಳಿ ಪಡೆಯಿರಿ. ಲೈನ್ ನಿಲ್ಲಿಸಿದ ಹೊತ್ತಿನಲ್ಲಿ, ಅವರನ್ನು ಎದುರಿಗೆ ಕೂರಿಸಿಕೊಂಡು, ಕಚೇರಿಯ ಕಂಪ್ಯೂಟರಿನಿಂದ ಪಿಎಲ್‌ಸಿಗೆ ಸಂಪರ್ಕ ಸಿಗುತ್ತದೆಯೇ ಎಂದು ಪರೀಕ್ಷಿಸಿ. ಸಿಕ್ಕಿದರೆ ಒಂದು ಪೈಸೆಯನ್ನೂ ಕೊಡಬೇಡಿ.