ಶಿವಮೊಗ್ಗದ ಶನಿವಾರದ ಸತ್ಯವೇದ ತರಗತಿ: ಆರು ತಿಂಗಳು ಹೋಗಿ ಬಂದ ಮೇಲೆ

ಪ್ರಸಂಗ ಮಾಡುವವರು, ಸಂಡೇ ಸ್ಕೂಲ್ ಟೀಚರ್‌ಗಳು, ಸಭೆಯ ಹಿರಿಯರು, ಇಂಥವರಿಗಾಗಿ ಶಿವಮೊಗ್ಗದಲ್ಲಿ ಪ್ರತಿ ಶನಿವಾರ ಸಂಜೆ ನಡೆಯುವ ಬೈಬಲ್ ತರಗತಿ ಇದು. ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಆರು ತಿಂಗಳು ಓಡಾಡಿದೆ. ಹೋಗಬಹುದಾ ಅಂತ ತುಂಬ ಜನ ಕೇಳುತ್ತಿದ್ದಾರೆ. ಖಂಡಿತ ಹೋಗಿ.

ನಾನು ಯಾಕೆ ಸೇರಿದೆ ಅಂತ ಹೇಳಿಬಿಡುತ್ತೇನೆ. ಹೋದ ವರ್ಷ ಮಳೆ ಬಿಡದೆ ಸುರಿದು ನಮ್ಮ ಕಡೆಯ ಅಡಿಕೆ ತೋಟಗಳಿಗೆ ಕೊಳೆರೋಗ ಬಂತು. ಅದಕ್ಕೆ ಹಾಕುವ ಔಷಧಿ, ಬೋರ್ಡೋ ದ್ರಾವಣ, ಹೊಡೆಯೋಕೂ ಹೊಳವು ಸಿಗಲಿಲ್ಲ. ಆ ಭಾನುವಾರ ಪ್ರಸಂಗ ನನ್ನದು. ಫಿಲಿಪ್ಪಿ 4:13 ತೆಗೆದುಕೊಂಡೆ, ಬಲಪಡಿಸುವಾತನಿಂದ ಎಲ್ಲಕ್ಕೂ ಶಕ್ತನಾಗಿದ್ದೇನೆ ಅಂತ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದಲ್ಲಿ ಹೇಳುವ ಮಾತು. ನಂಬಿದರೆ ಈ ಸಲವೂ ಫಸಲು ಕೈಗೆ ಬರುತ್ತದೆ ಅಂದುಬಿಟ್ಟೆ. ಎಲ್ಲರೂ ಆಮೆನ್ ಅಂದರು. ಅಡಿಕೆ ಉದುರಿತು. ಎರಡು ತಿಂಗಳಾದ ಮೇಲೆ ತೋಟದ ಅಣ್ಣ ಒಬ್ಬರು ಬಂದು, "ನನ್ನ ನಂಬಿಕೆ ಸಾಲ್ದೇ ಹೋಯ್ತಾ ಬ್ರದರ್?" ಅಂತ ಕೇಳಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ತರಗತಿಯ ಎರಡನೇ ವಾರ ಅದೇ ವಚನ ಬಂತು. ಅಲ್ಲಿ ಒಂದು ನಿಯಮ ಇದೆ. ಯಾವ ವಚನ ತೆಗೆದರೂ ಅಧ್ಯಾಯ ಪೂರ್ತಿ ಜೋರಾಗಿ ಓದಬೇಕು, ಮಾತು ಆಮೇಲೆ. 11, 12ನೇ ವಚನ ಓದುವಾಗ ನನ್ನ ಬೆರಳು ಅಲ್ಲೇ ನಿಂತಿತು. ಹೊಟ್ಟೆ ತುಂಬಿದ್ದರೂ ಹಸಿದಿದ್ದರೂ ಇದ್ದುದರಲ್ಲಿ ತೃಪ್ತನಾಗಿರೋದನ್ನು ಕಲಿತಿದ್ದೇನೆ ಅಂತ ಪೌಲ ಬರೆಯುತ್ತಾನೆ, ಅದೂ ಸೆರೆಯಲ್ಲಿ ಕೂತು. ಬೆಳೆ ಹೋದ ಮನೆಯಲ್ಲಿ ಓದಬೇಕಾದ ಮಾತು. ಆ ಅಣ್ಣನಿಗೆ ಬೇಕಾಗಿದ್ದದ್ದು ಒಂದೆರಡು ಸಾಲು ಮೇಲೇ ಇತ್ತು, ನಾನೇ ಓದಿರಲಿಲ್ಲ.

ಕ್ಯಾಲೆಂಡರ್‌ಗಳಲ್ಲಿ ಅಚ್ಚಾಗುವ ಯೆರೆಮೀಯ 29:11 ಕೂಡ ಹಾಗೇ, ನಿಮಗೆ ಒಳ್ಳೆಯ ಗತಿ, ನಿರೀಕ್ಷೆ ಕೊಡುತ್ತೇನೆ ಅಂತ ದೇವರು ಹೇಳುವ ವಚನ. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು, ಊರಿಗೆ ಮರಳೋದು 70 ವರ್ಷ ಆದ ಮೇಲೆ ಅಂತ ಹಿಂದಿನ ವಚನದಲ್ಲೇ ಇದೆ. ಪತ್ರ ಕೇಳಿಸಿಕೊಂಡವರಲ್ಲಿ ವಯಸ್ಸಾದವರು ಊರು ಮತ್ತೆ ನೋಡುವ ಹಾಗೇ ಇರಲಿಲ್ಲ. ಅದನ್ನು ಬಿಟ್ಟು ಬರೀ 11 ಹೇಳಿದರೆ ಕೇಳುವವರಿಗೆ ಮೋಸ ಅಲ್ವಾ?

ಪಾಠ ಮಾಡುವವರು ವಯಸ್ಸಾದ ಪಾಸ್ಟರ್. ದನಿ ಏರಿಸೋದಿಲ್ಲ. "ನಾನು ಹೇಳಿದ್ದನ್ನೂ ಮನೆಯಲ್ಲಿ ತೆಗೆದು ನೋಡಿ" ಅಂತ ಪ್ರತಿ ವಾರ ಹೇಳುತ್ತಾರೆ, ಬೆರೋಯ ಊರಿನವರು ಪೌಲನ ಮಾತನ್ನೇ ದಿನಾ ಶಾಸ್ತ್ರಕ್ಕೆ ಹಿಡಿದು ನೋಡಿದರಲ್ಲ, ಅಪೊಸ್ತಲರ ಕೃತ್ಯಗಳು 17:11, ಹಾಗೆ. ಸುಮ್ನೆ ಬಾಯಿಮಾತಿಗೆ ಹೇಳೋದಲ್ಲ ಅಂತ ಒಂದು ದಿನ ಗೊತ್ತಾಯಿತು. ಕ್ರಿಸ್‌ಮಸ್ ಪಾಠದಲ್ಲಿ, ಮಗು ಯೇಸುವನ್ನು ನೋಡಲು ಬಂದ ಜ್ಞಾನಿಗಳ ಬಗ್ಗೆ ಹೇಳುತ್ತಾ, ಅವರು ಮಾತಿನ ಭರದಲ್ಲಿ "ಮೂರು ಜನ ಜೋಯಿಸರು" ಅಂದರು. ಮುಂದಿನ ವಾರ ಡಿಗ್ರಿ ಓದುವ ಹುಡುಗಿಯೊಬ್ಬಳು ಮತ್ತಾಯ 2 ತೆರೆದು, ಕಾಣಿಕೆ ಮೂರು ಅಂತಿದೆ, ಚಿನ್ನ, ಧೂಪ, ರಕ್ತಬೋಳ, ಜನ ಎಷ್ಟು ಅಂತ ಬರೆದೇ ಇಲ್ಲ ಅಂದಳು. ಅವರು ಕನ್ನಡಕ ಹಾಕಿಕೊಂಡು ಓದಿದರು. "ಹೌದಮ್ಮ, ನಾನು ತಪ್ಪು ಹೇಳಿದೆ" ಅಂತ ಬೋರ್ಡಿನ ಮೇಲೆ ಬರೆದು, ಎಲ್ಲರ ಪುಸ್ತಕದಲ್ಲೂ ತಿದ್ದಿಸಿದರು. ನಲವತ್ತು ವರ್ಷ ಪ್ರಸಂಗ ಮಾಡಿದವರು ಹಾಗೆ ತಲೆಬಾಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೊರತೆಗಳೂ ಇವೆ. ನಾಯಕತ್ವದ ಪಾಠಕ್ಕೆ ಎರಡೇ ವಾರ, ಅದು ಏನೇನೂ ಸಾಲದು. 1 ತಿಮೊಥೆ 3ರಲ್ಲಿ ಸಭೆ ನಡೆಸುವವನಿಗೆ ಬೋಧಿಸುವ ಸಾಮರ್ಥ್ಯ ಬೇಕು ಅಂತ ಒಂದೇ ಮಾತಿದೆ. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಅವನ ನಡತೆ: ಕುಡುಕನಾಗಿರಬಾರದು, ಜಗಳಗಂಟನಾಗಬಾರದು, ಹಣದಾಸೆ ಇರಬಾರದು, ಮನೆ ಸರಿಯಾಗಿ ನಡೆಸಬೇಕು. ನಮ್ಮಲ್ಲಿ ಚೆನ್ನಾಗಿ ಮಾತಾಡುವವರನ್ನೇ ಮುಂದೆ ಕೂರಿಸುತ್ತೇವೆ, ಕಾಣಿಕೆಯ ಲೆಕ್ಕ ಕೇಳೋದೇ ಇಲ್ಲ. ಇದಕ್ಕೆ ಕನಿಷ್ಠ ಒಂದು ತಿಂಗಳು ಇಡಲಿ ಅಂತ ಪಾಸ್ಟರಿಗೇ ಹೇಳಿ ಬಂದಿದ್ದೇನೆ. ಹಳೇ ಅನುವಾದದ ಕನ್ನಡ ಹುಡುಗರಿಗೆ ಕಷ್ಟವಾಗುತ್ತದೆ, ಜೊತೆಗೆ ಹೊಸ ಅನುವಾದವನ್ನೂ ಇಟ್ಟುಕೊಂಡರೆ ಒಳ್ಳೆಯದು. ಹಾಲ್‌ಗೆ ಶೀಟಿನ ಮಾಡು, ಜೋರು ಮಳೆ ಬಂದರೆ ಹಿಂದೆ ಕೂತವರಿಗೆ ಏನೂ ಕೇಳಿಸೋದಿಲ್ಲ.

ಮುಂದೆ ಕೂರಿ, ಪೆನ್ಸಿಲ್ ತನ್ನಿ. ದೂರದ ಊರಿನವರು ಸೇರುವ ದಿನವೇ ಬಸ್ಸಿನ ವಿಷಯ ಹೇಳಿಬಿಡಿ, ಹತ್ತು ನಿಮಿಷ ಮೊದಲು ಬಿಡುತ್ತಾರೆ. ಆ ಅಣ್ಣನ ಮನೆಗೆ ಹೋದ ತಿಂಗಳು ಹೋಗಿದ್ದೆ. ಫಿಲಿಪ್ಪಿ 4ರ 11ರಿಂದ 13ರವರೆಗೆ ಇಬ್ಬರೂ ಕೂತು ಓದಿದೆವು. ಅವತ್ತು ತಪ್ಪು ಹೇಳಿದ್ದೆ ಅಂತ ಅವರಿಗೆ ಹೇಳಿದೆ, ಮುಂದಿನ ಭಾನುವಾರ ಸಭೆಯಲ್ಲೂ ಹೇಳಿದೆ.